ಮುಂಬಾಗಿಲಿಗೆ ಮಳೆಗಾಲದ ಸಡಿಲು ಕೊಡಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳ ಮನೆಯವರಿಗೆ ಬಹಿರಂಗ ಪತ್ರ



ಆರಿದ್ರಾ ಮಳೆ ಹಿಡಿದು ವಾರ ಕಳೆಯುವುದರೊಳಗೆ ನಿಮ್ಮ ಮೂರೂ ಪೇಟೆಗಳ ಹಾರ್ಡ್‌ವೇರ್ ಅಂಗಡಿಗಳಲ್ಲಿ ಒಂದೇ ದೂರು ಕೇಳಿಬರುತ್ತದೆ: ಮುಂಬಾಗಿಲಿನ ಲಾಕ್ ಹೋಗಿದೆ, ಕೀ ತಿರುಗುತ್ತಿಲ್ಲ, ಹೊಸದೊಂದು ಕೊಡಿ. ಅಂಗಡಿಯವರು ಕೊಡುತ್ತಾರೆ. ಬಡಗಿ ಸಿಕ್ಕರೆ ಅಂದೇ, ಸಿಗದಿದ್ದರೆ ನಾಲ್ಕು ದಿನ ಬಿಟ್ಟು ಅದು ಬಾಗಿಲಿಗೆ ಕೂರುತ್ತದೆ. ಪುಷ್ಯ ಮಳೆಯ ಹೊತ್ತಿಗೆ ಆ ಹೊಸ ಲಾಕೂ ಬಿಗಿಯುತ್ತದೆ. ಕಪಾಟಿಗೆ ಸೇರಿದ ಹಳೆಯದನ್ನು ತೆಗೆದು ಕೈಯಲ್ಲಿ ಹಿಡಿದು ತಿರುಗಿಸಿದರೆ ಅದು ಸಲೀಸಾಗಿ ತಿರುಗುತ್ತದೆ.

ಕೆಟ್ಟದ್ದು ಲಾಕ್ ಆಗಿರಲಿಲ್ಲ. ಬಾಗಿಲು ಊದಿಕೊಂಡಿತ್ತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಕೈಕೊಡುವ ಮುಂಬಾಗಿಲಿನ ಬೀಗಗಳಲ್ಲಿ ಬಹಳಷ್ಟರ ಕಥೆ ಇದೇ. ತೊಂದರೆ ಮರದ್ದೋ, ತಿರುಗಣೆಯದ್ದೋ, ಬೀಗದ್ದೋ, ಕೀಯದ್ದೋ ಎಂಬುದನ್ನು ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ಪತ್ತೆಮಾಡಬಹುದು. ಅಷ್ಟು ಮಾಡಿದರೆ ದುಡ್ಡು ಉಳಿಯುತ್ತದೆ, ಉಳಿ ಏಟಿನಿಂದ ಬಾಗಿಲೂ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಸುರಿವ ಮಳೆಯಲ್ಲಿ ಒಂಟಿ ಮನೆಯ ಹಿರಿಯರು ಜಗಲಿಯಲ್ಲೋ ಒಳಗೋ ಸಿಕ್ಕಿಬೀಳುವುದು ತಪ್ಪುತ್ತದೆ. ಈ ಪತ್ರದ ಕಾಳಜಿ ಅದೇ.

ಮೊದಲು ನಿಮ್ಮ ಹಳೆಯ ತೊಟ್ಟಿಮನೆಗಳ ಹೆಬ್ಬಾಗಿಲನ್ನು ನೋಡಬೇಕು. ಹಲಸಿನದೋ ಹೆಬ್ಬಲಸಿನದೋ ಎರಡು ದಪ್ಪ ಕದಗಳು. ಒಳಗಿನಿಂದ ಭದ್ರಪಡಿಸಲು ಗೋಡೆಯ ಗೂಡಿನಿಂದ ಎಳೆದು ಅಡ್ಡ ಹಾಕುವ ಮರದ ಅಗುಳಿ. ಹೊರಗಿನಿಂದ ಹಾಕಲು ಕಬ್ಬಿಣದ ಸರಪಳಿ. ಅದನ್ನು ಮೇಲಿನ ದಾರಂದದ ಕೊಂಡಿಗೆ ಸಿಕ್ಕಿಸಿ, ಕೊಂಡಿಗೊಂದು ತೂಗುಬೀಗ. ಮಳೆಗಾಲದಲ್ಲಿ ಕದ ಎಷ್ಟು ಊದಿದರೂ, ಬೇಸಿಗೆಯಲ್ಲಿ ಎಷ್ಟು ಕುಗ್ಗಿದರೂ ಸರಪಳಿಗೆ ತೊಂದರೆಯಿರಲಿಲ್ಲ. ಎಲ್ಲಿ ಬೇಕಾದರೂ ಬಾಗುವ ವಸ್ತು ಅದು. ಅಗುಳಿ ಕೂರುವ ಗೂಡು ಅಗುಳಿಗಿಂತ ಒಂದು ಬೆರಳು ಅಗಲವೇ ಇರುತ್ತಿತ್ತು. ಆ ಬಾಗಿಲು ಮಾಡಿದ ಆಚಾರ್ರಿಗೆ ಮರ ವರ್ಷವಿಡೀ ಒಂದೇ ಅಳತೆಯಲ್ಲಿ ನಿಲ್ಲುವುದಿಲ್ಲ ಎಂಬುದು ತಿಳಿದಿತ್ತು. ಹಾಗಾಗಿ ಬಾಗಿಲು ಮುಚ್ಚುವ ವ್ಯವಸ್ಥೆಯಲ್ಲೇ ಸಡಿಲು ಇಟ್ಟರು.

ಮರ ಎಷ್ಟು ಹಿಗ್ಗುತ್ತದೆ? ಕುಯ್ದು ಒಣಗಿಸಿದ ಮೇಲೂ ಮರ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ, ಬಿಡುತ್ತಲೇ ಇರುತ್ತದೆ. ಗಾಳಿಯ ತೇವಾಂಶ ಶೇ 50ರ ಆಸುಪಾಸಿನಲ್ಲಿದ್ದಾಗ ಮರದೊಳಗಿನ ನೀರು ಅದರ ಒಣತೂಕದ ಶೇ 9ರಷ್ಟಿರುತ್ತದೆ. ಗಾಳಿಯ ತೇವಾಂಶ ಶೇ 90ರಲ್ಲೇ ನಿಂತುಬಿಟ್ಟರೆ ಅದು ಶೇ 20ರವರೆಗೆ ಏರಬಹುದು. ಮಾಘದ ಮಧ್ಯಾಹ್ನಕ್ಕೂ ಆಷಾಢದ ಜಡಿಮಳೆಗೂ ನಡುವಿನ ಅಂತರ ಇದು. ಹಲಗೆಯ ತೇವ ನಾಲ್ಕು ಪ್ರತಿಶತ ಏರಿದರೆ ಅದರ ಅಗಲ ಸುಮಾರು ಒಂದು ಪ್ರತಿಶತ ಹಿಗ್ಗುತ್ತದೆ ಎಂಬುದು ಮರಗೆಲಸದ ಸ್ಥೂಲ ಲೆಕ್ಕ. ಉದ್ದದಲ್ಲಿ ಮಾತ್ರ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಚೌಕಟ್ಟು ಕಟ್ಟಿ ನಡುವೆ ಹಲಗೆ ಕೂರಿಸಿದ ಈಗಿನ ಬಾಗಿಲಿನಲ್ಲಿ ಎಡಬಲದ ಎರಡು ನಿಲುವುಪಟ್ಟಿಗಳ ಅಗಲ ಕೂಡಿ 20 ಸೆಂಟಿಮೀಟರ್ ಎಂದುಕೊಂಡರೆ, ನಾಲ್ಕು ಪ್ರತಿಶತ ತೇವಕ್ಕೆ ಎರಡು ಮಿಲಿಮೀಟರ್ ಹಿಗ್ಗು. ಬಾಗಿಲಿಗೂ ದಾರಂದಕ್ಕೂ ಬಡಗಿ ಬಿಡುವ ಸಂದು ಎರಡರಿಂದ ಮೂರು ಮಿಲಿಮೀಟರ್. ಸಂದು ಅಲ್ಲಿಗೆ ಮುಗಿಯಿತು. ಹಲಗೆಗಳನ್ನು ಪಕ್ಕಪಕ್ಕ ಜೋಡಿಸಿ ಹಿಂದೆ ಅಡ್ಡಪಟ್ಟಿ ಹೊಡೆದ ಹಳೆಯ ಮಾದರಿಯ ಬಾಗಿಲಾದರೆ ಇಡೀ ಅಗಲವೇ ಹಿಗ್ಗುತ್ತದೆ.

ಕೊಪ್ಪ, ಶೃಂಗೇರಿಗಳಿಗೆ ನೆರೆಯಾದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಘಟ್ಟದ ಅಂಚಿನ ಕೆರೆಕಟ್ಟೆ, ಕಿಗ್ಗಾ ಕಡೆಯವರಿಗೆ ಆ ಮಳೆಯ ಪರಿಚಯ ಹೇಳಿಕೊಡಬೇಕಿಲ್ಲ. ನರಸಿಂಹರಾಜಪುರದ ಕಡೆ ಮಳೆ ಅಷ್ಟಿಲ್ಲ. ಆದರೆ ಬಾಗಿಲು ಊದಲು ಅದರ ಮೇಲೆ ನೀರು ಬೀಳಲೇಬೇಕೆಂದಿಲ್ಲ. ವಾರಗಟ್ಟಲೆ ಆರದ ಗಾಳಿಯೇ ಸಾಕು. ಭದ್ರಾ ಹಿನ್ನೀರಿನ ಸುತ್ತಲಿನ ಮನೆಗಳಲ್ಲೂ ಜುಲೈ ತಿಂಗಳ ಬಾಗಿಲು ಹಿಡಿಯುವುದು ಇದರಿಂದಲೇ.

ಇನ್ನು ಲಾಕ್. ಇಂದು ಹೆಚ್ಚಿನ ಮನೆಗಳಲ್ಲಿರುವ ಸಣ್ಣ ಚಪ್ಪಟೆ ಕೀಯ ಸಿಲಿಂಡರ್ ಲಾಕಿನ ವಿನ್ಯಾಸಕ್ಕೆ ಅಮೆರಿಕದ ಲೈನಸ್ ಯೇಲ್ ಜೂನಿಯರ್ 1861ರಲ್ಲಿ ಪೇಟೆಂಟ್ ಪಡೆದ. ಸ್ಪ್ರಿಂಗ್ ಒತ್ತಿ ಹಿಡಿದ ಸಣ್ಣ ಸಣ್ಣ ಪಿನ್ನುಗಳು ಕೀಯ ಹಲ್ಲುಗಳಿಗೆ ತಕ್ಕಂತೆ ಸರಿದು ಒಂದೇ ಗೆರೆಗೆ ಬಂದಾಗ ಮಾತ್ರ ಒಳಗಿನ ಕೊಳವೆ ತಿರುಗುತ್ತದೆ. ನಮ್ಮ ದೇಶದಲ್ಲಿ ಅರ್ದೇಶಿರ್ ಗೋದ್ರೆಜ್ ಮುಂಬಯಿಯಲ್ಲಿ ಬೀಗದ ಉದ್ಯಮ ಆರಂಭಿಸಿದ್ದು 1897ರಲ್ಲಿ. ಅಲಿಗಢ, ದಿಂಡಿಗಲ್‌ಗಳಂಥ ಊರುಗಳು ಬೀಗದಿಂದಲೇ ಹೆಸರಾದವು. ಇವೆಲ್ಲ ಒಳ್ಳೆಯ ಬೀಗಗಳೇ. ಆದರೆ ಬಾಗಿಲೊಳಗೆ ಹುದುಗಿಸುವ ಮಾರ್ಟಿಸ್ ಲಾಕ್ ಒಂದು ಕರಾರು ಹಾಕುತ್ತದೆ: ಅದರ ನಾಲಿಗೆ ಎದುರಿನ ತಗಡಿನ ತೂತಿಗೆ ನೇರವಾಗಿ ಹೋಗಬೇಕು. ಆ ತೂತಿನಲ್ಲಿರುವ ಸಡಿಲು ಒಂದೆರಡು ಮಿಲಿಮೀಟರ್ ಅಷ್ಟೆ. ಸರಪಳಿಯ ಜಾಗಕ್ಕೆ ಇದನ್ನು ತಂದಾಗ, ಸರಪಳಿ ಕೊಡುತ್ತಿದ್ದ ಸಡಿಲನ್ನು ಬೇರೆಲ್ಲಾದರೂ ಕೊಡಬೇಕಿತ್ತು. ಎಷ್ಟೋ ಮನೆಗಳಲ್ಲಿ ಅದನ್ನು ಕೊಡಲೇ ಇಲ್ಲ.

ಹಾಗಾದರೆ ಪರೀಕ್ಷೆ ಹೇಗೆ? ಬಾಗಿಲನ್ನು ಪೂರ್ತಿ ತೆರೆದಿಟ್ಟು, ಗಾಳಿಗೆ ಮುಚ್ಚಿಕೊಳ್ಳದಂತೆ ಏನಾದರೂ ಅಡ್ಡ ಕೊಟ್ಟು, ಕೀ ಹಾಕಿ ತಿರುಗಿಸಬೇಕು. ನಾಲಿಗೆ ಸಲೀಸಾಗಿ ಹೊರಬಂದು ಒಳಹೋದರೆ ಲಾಕ್ ಆರೋಗ್ಯವಾಗಿದೆ. ತೊಂದರೆ ಬಾಗಿಲು ಕೂರುವ ರೀತಿಯಲ್ಲಿದೆ. ತೆರೆದಿಟ್ಟಾಗಲೂ ಬಿಗಿಯಾಗಿದ್ದರೆ ತೊಂದರೆ ಲಾಕಿನದೋ ಕೀಯದೋ. ಆಗ ಅಷ್ಟಾಗಿ ಬಳಸದ ಎರಡನೆಯ ಕೀ ಹಾಕಿ ನೋಡಬೇಕು. ಅದು ತಿರುಗಿದರೆ ಸವೆದದ್ದು ದಿನಬಳಕೆಯ ಕೀ. ಇಷ್ಟರಲ್ಲಿ ಹೊಸ ಲಾಕ್ ಬೇಕೋ ಬೇಡವೋ ಎಂಬುದು ಬಹುಪಾಲು ತೀರ್ಮಾನವಾಗುತ್ತದೆ.

ಬಾಗಿಲಿನದೇ ತೊಂದರೆ ಎಂದಾದರೆ ಮುಂದಿನ ಹೆಜ್ಜೆಗೆ ಒಂದು ತುಂಡು ಸೀಮೆಸುಣ್ಣ ಸಾಕು. ನಾಲಿಗೆಯ ತುದಿಗೂ ಅಂಚುಗಳಿಗೂ ದಪ್ಪವಾಗಿ ಸೀಮೆಸುಣ್ಣ ಬಳಿದು, ಬಾಗಿಲು ಮುಚ್ಚಿ, ಕೀ ತಿರುಗುವಷ್ಟು ತಿರುಗಿಸಿ, ಮತ್ತೆ ತೆರೆದು ದಾರಂದದ ತಗಡನ್ನು ನೋಡಬೇಕು. ಬಿಳಿ ಗುರುತು ತೂತಿನ ಕೆಳ ಅಂಚಿನಲ್ಲಿ ಬಿದ್ದಿದ್ದರೆ ಬಾಗಿಲು ಜಗ್ಗಿದೆ, ಅಂದರೆ ತಿರುಗಣೆ ಸಡಿಲವಾಗಿದೆ. ಗುರುತು ತೂತಿನ ಒಳಬದಿಗೋ ಹೊರಬದಿಗೋ ಸರಿದಿದ್ದರೆ ಬಾಗಿಲು ಸೊಟ್ಟಗಾಗಿದೆ, ಇಲ್ಲವೇ ಪೂರ್ತಿ ಒಳಗೆ ಕೂರುತ್ತಿಲ್ಲ. ಅಂಚುಗಳಲ್ಲಿ ಗುರುತೇ ಇಲ್ಲದೆ ತೂತಿನ ತಳದಲ್ಲಿ ಸುಣ್ಣ ಮೆತ್ತಿಕೊಂಡಿದ್ದರೆ ಅದು ನಿಜವಾದ ಮಳೆಗಾಲದ ಕಾಯಿಲೆ. ಬಾಗಿಲು ಊದಿ ದಾರಂದದ ಹತ್ತಿರ ಸರಿದಿರುವುದರಿಂದ ನಾಲಿಗೆ ಎರಡು ಮಿಲಿಮೀಟರ್ ಹೆಚ್ಚು ಆಳಕ್ಕೆ ಹೋಗಿ ತಳಕ್ಕೆ ತಗಲುತ್ತಿದೆ. ಕೀ ಕೊನೆಯ ಸುತ್ತನ್ನು ಮುಗಿಸದೆ ನಿಲ್ಲುವುದು, ಹೊರಕ್ಕೆ ಬಾರದೆ ಸಿಕ್ಕಿಕೊಳ್ಳುವುದು ಹೀಗೆ. ಕೀ ನೆಟ್ಟಗಿನ ಸ್ಥಾನಕ್ಕೆ ಮರಳದಿದ್ದರೆ ಸಿಲಿಂಡರ್ ಅದನ್ನು ಬಿಡುವುದಿಲ್ಲ. ಲಾಕಿನ ರಚನೆಯೇ ಹಾಗೆ.

ಮೂರು ಕಾಯಿಲೆಗೂ ಮದ್ದು ಬೇರೆ ಬೇರೆ. ಜಗ್ಗಿದ ಬಾಗಿಲಿಗೆ ಮೇಲಿನ ತಿರುಗಣೆಯ ಸ್ಕ್ರೂಗಳನ್ನು ಬಿಗಿಮಾಡಬೇಕು. ಸ್ಕ್ರೂ ಸುಮ್ಮನೆ ಸುತ್ತುತ್ತಿದ್ದರೆ ತೂತು ದೊಡ್ಡದಾಗಿದೆ. ಬಿದಿರಿನ ಕಡ್ಡಿಗಳಿಗೆ ಮರದ ಅಂಟು ಸವರಿ ತೂತಿಗೆ ತುಂಬಿ, ಒಂದು ರಾತ್ರಿ ಒಣಗಲು ಬಿಟ್ಟು, ಮಟ್ಟವಾಗಿ ಕತ್ತರಿಸಿ ಮತ್ತೆ ಸ್ಕ್ರೂ ಹಾಕಬಹುದು. ಒಂದೆರಡು ಸ್ಕ್ರೂಗಳನ್ನು ಮೂರು ಇಂಚಿನವಕ್ಕೆ ಬದಲಿಸಿದರೆ ದಾರಂದದ ಆಳಕ್ಕೆ ಹಿಡಿತ ಸಿಗುತ್ತದೆ. ಸ್ಕ್ರೂ ಹಾಕುವಾಗ ಮರ ಹುಡಿಹುಡಿಯಾಗಿ ಬಂದರೆ ಗೆದ್ದಲು ಹಿಡಿದಿದೆ. ಅಲ್ಲಿ ಬೀಗದ ಮಾತು ಬಿಟ್ಟು ಮೊದಲು ದಾರಂದಕ್ಕೆ ಚಿಕಿತ್ಸೆ ಮಾಡಿಸಬೇಕು. ನಾಲಿಗೆ ತಳಕ್ಕೆ ತಗಲುವ ಬಾಗಿಲಿಗೆ ತಗಡು ಬಿಚ್ಚಿ ಹಿಂದಿನ ಮರದ ತೂತನ್ನು ಉಳಿಯಿಂದ ಐದಾರು ಮಿಲಿಮೀಟರ್ ಆಳಮಾಡಿದರೆ ಮುಗಿಯಿತು. ತಗಡಿನ ಅಂಚಿಗೆ ತಾಗುವುದು ಅಲ್ಪಸ್ವಲ್ಪವಾದರೆ ಚಪ್ಪಟೆ ಅರದಿಂದ ಒಂದರಿಂದ ಎರಡು ಮಿಲಿಮೀಟರ್ ಉಜ್ಜಬಹುದು. ಅದಕ್ಕಿಂತ ಹೆಚ್ಚು ಬೇಕಾದರೆ ತಗಡನ್ನೇ ಬಿಚ್ಚಿ ಸರಿಸಬೇಕು. ಇಷ್ಟು ಸಡಿಲಿನಿಂದ ಬಾಗಿಲಿನ ಭದ್ರತೆಗೆ ಕುಂದಿಲ್ಲ. ನಾಲಿಗೆ ಪೂರ್ತಿ ಹೊರಬಂದು ನಿಲ್ಲುವುದೇ ಭದ್ರತೆ. ಅರ್ಧ ಸುತ್ತಿಗೆ ನಿಂತ ಲಾಕಿಗೆ ಆ ಬಲವಿಲ್ಲ.

ಕೀಸುಳಿಯ ವಿಚಾರವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಬಾಗಿಲುಗಳಿಗೆ ಹೆಚ್ಚು ಹಾನಿಯಾಗುವುದು ಇಲ್ಲೇ. ಜುಲೈನಲ್ಲಿ ಬಾಗಿಲು ಹಿಡಿಯುತ್ತದೆಂದು ಅಂಚನ್ನು ಉದ್ದಕ್ಕೂ ಹೆರೆಸಿದರೆ ಅಂದಿಗೆ ಸುಖ. ಫೆಬ್ರವರಿಯಲ್ಲಿ ಮರ ಕುಗ್ಗಿದಾಗ ಅದೇ ಅಂಚಿನಲ್ಲಿ ಬೆರಳು ತೂರುವ ಸಂದು. ಲಾಕಿನ ನಾಲಿಗೆ ಆಗ ತಗಡಿಗೆ ಅರೆಬರೆ ಎಟುಕುತ್ತದೆ, ಹೊರಗಿನಿಂದ ಒಂದು ತೆಳು ಪಟ್ಟಿ ತೂರಿಸುವವರಿಗೆ ದಾರಿಯೂ ಆಗುತ್ತದೆ. ಹೆರೆಸಿದ ಜಾಗದ ಬಣ್ಣವೂ ಹೋಗಿರುವುದರಿಂದ ಮುಂದಿನ ಮಳೆಗಾಲದಲ್ಲಿ ಅದು ಇನ್ನಷ್ಟು ನೀರು ಕುಡಿಯುತ್ತದೆ, ಇನ್ನಷ್ಟು ಊದುತ್ತದೆ. ಮಳೆಯಲ್ಲಿ ಹೆರೆಸಲೇಬೇಕಾದರೆ ಬಾಗಿಲಿಗೂ ದಾರಂದಕ್ಕೂ ನಡುವೆ ಕಾರ್ಬನ್ ಕಾಗದ ಇಟ್ಟು ಮುಚ್ಚಿ, ನಿಜಕ್ಕೂ ಉಜ್ಜುವ ಜಾಗವನ್ನು ಗುರುತಿಸಿ, ಅಷ್ಟನ್ನೇ ಮರಳುಕಾಗದದಿಂದ ತೆಗೆದು, ಒಣಬಟ್ಟೆಯಿಂದ ಒರೆಸಿ ಕೂಡಲೇ ವಾರ್ನಿಶ್ ಹಚ್ಚಬೇಕು. ದೊಡ್ಡ ಕೆಲಸವನ್ನು ಮಳೆ ನಿಂತು ಮರ ಆರಿದ ಮೇಲೆ ಮಾಡಿಸುವುದೇ ಸರಿ.

ಊತ ಕಡಿಮೆ ಮಾಡುವ ದಾರಿಯೂ ಇದೆ. ಮರ ನೀರು ಹೀರುವುದು ಮುಖಕ್ಕಿಂತ ಹೆಚ್ಚಾಗಿ ಕುಯ್ದ ತುದಿಗಳಿಂದ. ಎಳೆಗಳ ಬಾಯಿ ತೆರೆದಿರುವುದು ಅಲ್ಲೇ. ಬಾಗಿಲಿನ ಮೇಲಂಚು, ಕೆಳಂಚುಗಳು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಬಣ್ಣದವರು ಅವನ್ನು ಬಿಟ್ಟೇಬಿಡುತ್ತಾರೆ. ಹೊಸ್ತಿಲ ಬಳಿ ನೆಲಕ್ಕೆ ಕೈಗನ್ನಡಿ ಹಿಡಿದು ನೋಡಿದರೆ ಕೆಳಂಚು ಬಣ್ಣ ಕಂಡಿದೆಯೋ ಇಲ್ಲವೋ ತಿಳಿಯುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಬಾಗಿಲನ್ನು ಒಮ್ಮೆ ಕಳಚಿ, ನಾಲ್ಕೂ ಅಂಚಿಗೆ, ಲಾಕ್ ಕೂರುವ ಕುಳಿಯ ಒಳಗೂ ಎರಡು ಸಲ ವಾರ್ನಿಶ್ ಕುಡಿಸಿದರೆ ವರ್ಷಗಟ್ಟಲೆ ಫಲ ಕಾಣುತ್ತದೆ. ಎರಚಲು ಹೊಡೆಯುವ ಜಗಲಿಗೆ ಹಿಂದಿನವರು ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಈಗ ಟಾರ್ಪಾಲು ಇಳಿಬಿಡುತ್ತಾರೆ. ಬಾಗಿಲಿಗೆ ಅದರಷ್ಟು ಉಪಕಾರ ಮಾಡುವ ಬೇರೆ ವಸ್ತುವಿಲ್ಲ.

ಎರಡು ಕದಗಳ ಬಾಗಿಲಿಗೆ ಮಾರ್ಟಿಸ್ ಲಾಕ್ ಹಾಕಿಸಿದ ಮನೆಗಳು ಇನ್ನೊಂದು ಮಾತು ಗಮನಿಸಬೇಕು. ಅಲ್ಲಿ ನಾಲಿಗೆ ಹೋಗಿ ಕೂರುವುದು ದಾರಂದಕ್ಕಲ್ಲ, ಎದುರಿನ ಕದಕ್ಕೆ. ಆ ಕದವೂ ಊದುತ್ತದೆ, ಅದೂ ಅಲ್ಲಾಡುತ್ತದೆ. ಅದರ ಮೇಲಿನ ಮತ್ತು ಕೆಳಗಿನ ಚಿಲಕಗಳೆರಡೂ ಪೂರ್ತಿ ಬಿದ್ದಿದ್ದರೆ ಮಾತ್ರ ಲಾಕಿಗೆ ನೆಲೆ. ಕೆಳಗಿನ ಚಿಲಕ ಇಳಿಯುವ ಹೊಸ್ತಿಲ ತೂತಿನಲ್ಲಿ ಮಣ್ಣು, ತರಗು ತುಂಬಿ ಚಿಲಕ ಅರ್ಧಕ್ಕೇ ನಿಂತಿರುವುದು ಮಾಮೂಲು. ಒಂದು ಮೊಳೆಯಿಂದ ಆ ತೂತನ್ನು ಕೆದಕಿ ತೆಗೆದರೆ ಲಾಕ್ ಸರಿಹೋಗುವ ಪ್ರಸಂಗಗಳೂ ಉಂಟು.

ಈಗ ಲಾಕಿನದೇ ದೋಷವಿರುವ ಸಂದರ್ಭ. ಸಿಲಿಂಡರ್ ಕೆಟ್ಟಿದೆಯೋ ಒಳಗಿನ ಪೆಟ್ಟಿಗೆ ಕೆಟ್ಟಿದೆಯೋ ಎಂದು ಬೇರ್ಪಡಿಸಿ ನೋಡಬಹುದು. ಬಾಗಿಲು ತೆರೆದು, ಅದರ ಅಂಚಿನ ತಗಡಿನಲ್ಲಿ ಸಿಲಿಂಡರಿಗೆ ನೇರವಾಗಿರುವ ಉದ್ದ ಸ್ಕ್ರೂವನ್ನು ಬಿಚ್ಚಬೇಕು. ಕೀ ಹಾಕಿ ಸ್ವಲ್ಪವೇ ಓರೆಮಾಡಿದರೆ ಸಿಲಿಂಡರಿನ ನಡುವಿನ ಕೊಕ್ಕೆ ಒಳಗೆ ಸರಿದು, ಸಿಲಿಂಡರ್ ಕೈಗೆ ಜಾರಿ ಬರುತ್ತದೆ. ಖಾಲಿ ತೂತಿನೊಳಗೆ ಸ್ಕ್ರೂಡ್ರೈವರ್ ಹಾಕಿ ಪೆಟ್ಟಿಗೆಯ ಕೀಲನ್ನು ಸರಿಸಿದಾಗ ನಾಲಿಗೆ ಸರಾಗವಾಗಿ ಓಡಾಡಿದರೆ ಪೆಟ್ಟಿಗೆ ಚೆನ್ನಾಗಿದೆ. ಸಿಲಿಂಡರ್ ಒಂದನ್ನೇ ಬದಲಿಸಿದರೆ ಸಾಕು. ನಡುವಿನ ಸ್ಕ್ರೂ ತೂತಿನಿಂದ ಎಡತುದಿಗೆ ಎಷ್ಟು, ಬಲತುದಿಗೆ ಎಷ್ಟು ಎಂಬ ಎರಡು ಅಳತೆ ಬರೆದುಕೊಂಡು, ಹಳೆಯದನ್ನೇ ಅಂಗಡಿಗೆ ಒಯ್ಯುವುದು ಉತ್ತಮ. ಏನನ್ನೇ ಬಿಚ್ಚುವ ಮುನ್ನವೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಬೇಕು. ಪಿನ್ನುಗಳ ಬದಲು ಎಲೆಪಟ್ಟಿಗಳಿರುವ ಲಿವರ್ ಲಾಕಿನ ಪೆಟ್ಟಿಗೆಯ ಮುಚ್ಚಳವನ್ನು ಮಾತ್ರ ಮನೆಯಲ್ಲಿ ತೆಗೆಯಬಾರದು. ಒಳಗಿನ ಎಲೆಪಟ್ಟಿಗಳೂ ಸ್ಪ್ರಿಂಗುಗಳೂ ಸ್ಥಾನ ತಪ್ಪಿದರೆ ಕೂರಿಸುವುದು ಕಷ್ಟ.

ಎಣ್ಣೆಯ ವಿಷಯದಲ್ಲಿ ಮಲೆನಾಡಿನ ಅಭ್ಯಾಸವೊಂದು ಬದಲಾಗಬೇಕು. ಬಿಗಿಯಾದ ಬೀಗಕ್ಕೆ ಮೊದಲು ಹನಿಸುವುದು ಅಡುಗೆಮನೆಯ ತೆಂಗಿನೆಣ್ಣೆ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಾರ್ಗಶಿರದ ಬೆಳಗ್ಗೆ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಸಿಲಿಂಡರಿನೊಳಗೂ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ದೂಳು ಹಿಡಿದು ಅಂಟಾಗುತ್ತದೆ. ಒಂದು ಮಿಲಿಮೀಟರ್‌ನ ಹತ್ತರಲ್ಲಿ ಎರಡು ಮೂರು ಪಾಲಿನಷ್ಟು ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯುವ ಪಿನ್ನುಗಳ ನಡುವೆ ಆ ಅಂಟು ಕುಳಿತರೆ ಸರಿಯಾದ ಕೀಯೂ ತಿರುಗದು. ಸಿಲಿಂಡರಿಗೆ ಬೇಕಾದದ್ದು ಒಣ ಮದ್ದು: ಗ್ರಾಫೈಟ್ ಪುಡಿ, ಅಥವಾ ಒಣಗಿ ಪದರವಾಗುವ ಸ್ಪ್ರೇ. ತಾತ್ಕಾಲಿಕಕ್ಕೆ ಮೆತ್ತನೆಯ ಪೆನ್ಸಿಲಿನ ಸೀಸವನ್ನು ಕೀಯ ಎರಡೂ ಬದಿಗೆ ಉಜ್ಜಿ, ನಾಲ್ಕಾರು ಬಾರಿ ಹಾಕಿ ತೆಗೆದರೂ ಗುಣ ಕಾಣುತ್ತದೆ. ನಾಲಿಗೆ, ಚಿಲಕ, ತಿರುಗಣೆಗಳಿಗೆ ಹೊಲಿಗೆ ಯಂತ್ರದ ತೆಳು ಎಣ್ಣೆ ಒಂದೆರಡು ಹನಿ ಸಾಕು. ಈಗಾಗಲೇ ತೆಂಗಿನೆಣ್ಣೆ ಕುಡಿದಿರುವ ಸಿಲಿಂಡರನ್ನು ಕಳಚಿ ಸೀಮೆಎಣ್ಣೆಯಲ್ಲಿ ಜಾಲಿಸಿ, ಪೂರ್ತಿ ಆರಿಸಿ, ಆಮೇಲೆ ಗ್ರಾಫೈಟ್ ಹಾಕಬೇಕು.

ಕೀ ಸಿಕ್ಕಿಕೊಳ್ಳಲು ಇನ್ನೊಂದು ಕಾರಣ ಹುಳ. ಗೋಡೆಯ ಮೇಲೆ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳಕ್ಕೆ ಕೀ ತೂತು ಸಿದ್ಧ ಮನೆ. ತಿಂಗಳುಗಟ್ಟಲೆ ಬೀಗ ಹಾಕಿದ ಮನೆಗೆ ನವರಾತ್ರಿಗೆಂದು ಬಂದವರು ಕೀ ಅರ್ಧಕ್ಕೇ ನಿಂತಾಗ ಬಲ ಹಾಕುತ್ತಾರೆ. ಮಣ್ಣು ಇನ್ನಷ್ಟು ಒಳಗೆ ಜಡಿಯುತ್ತದೆ, ಹಿತ್ತಾಳೆಯ ಕೀ ಕುತ್ತಿಗೆಯಲ್ಲಿ ಮುರಿಯುತ್ತದೆ. ಮೊದಲು ಟಾರ್ಚ್ ಬಿಟ್ಟು ನೋಡಿ, ತೆಳು ತಂತಿಯಿಂದ ಮಣ್ಣನ್ನು ಪುಡಿಮಾಡಿ, ಸೈಕಲ್ ಪಂಪಿನಿಂದ ಗಾಳಿ ಊದಿ ತೆಗೆಯಬೇಕು. ಬೀಗ ಹಾಕಿ ಹೊರಡುವಾಗ ಕೀ ತೂತಿಗೆ ಒಂದು ತುಂಡು ಟೇಪ್ ಅಂಟಿಸಿದರೆ ಈ ಪಾಡೇ ಇಲ್ಲ. ಕೀ ಮುರಿದೇ ಹೋದರೆ ಸೂಪರ್ ಗ್ಲೂ ಹಚ್ಚಿ ಎಳೆಯುವ ಪ್ರಯೋಗ ಬೇಡ. ಗ್ಲೂ ಪಿನ್ನುಗಳಿಗೆ ಹರಿದರೆ ಸಿಲಿಂಡರೇ ಹೋಯಿತು. ಸಿಲಿಂಡರ್ ನೆಟ್ಟಗಿದ್ದರೆ ಸಣ್ಣ ಗರಗಸದ ತೆಳು ಅಲಗನ್ನು ಕೀಯ ಪಕ್ಕದಲ್ಲಿ ತೂರಿಸಿ, ಹಲ್ಲಿಗೆ ಸಿಕ್ಕಿಸಿ ಎಳೆದರೆ ತುಂಡು ಬರುತ್ತದೆ. ಹೊಸ ಕೀ ಮಾಡಿಸುವಾಗ ಸವೆದ ಕೀಯ ನಕಲು ಮಾಡಿಸಬಾರದು. ಆ ಸವೆತವೂ ನಕಲಾಗುತ್ತದೆ. ಲಾಕಿನ ಜತೆ ಬಂದ ಮೂಲ ಕೀಗಳಲ್ಲೊಂದನ್ನು ಬಳಸದೆ ಎತ್ತಿಟ್ಟು, ಎಂದೆಂದಿಗೂ ಅದರಿಂದಲೇ ನಕಲು ತೆಗೆಸಬೇಕು.

ತುಂಗೆ ಉಕ್ಕಿ ಶೃಂಗೇರಿಯ ಗಾಂಧಿ ಮೈದಾನಕ್ಕೆ ನೀರು ನುಗ್ಗುವ ವರ್ಷಗಳಲ್ಲಿ ಹೊಳೆಯಂಚಿನ ಮನೆ, ಅಂಗಡಿಗಳ ಬೀಗಗಳೂ ಮುಳುಗುತ್ತವೆ. ಅಂಥ ಲಾಕನ್ನು ಒಣಗಲು ಬಿಟ್ಟು ಸುಮ್ಮನಿದ್ದರೆ ಒಳಗಿನ ಹೂಳು ಗಟ್ಟಿಯಾಗಿ ತುಕ್ಕು ಹಿಡಿಯುತ್ತದೆ. ನೀರು ಇಳಿದ ದಿನವೇ ಕಳಚಿ, ಒಳ್ಳೆಯ ನೀರಿನಲ್ಲಿ ತೊಳೆದು, ಒಲೆಯ ಬದಿಯ ಬಿಸಿಗೆ ಆರಿಸಿ, ಸಿಲಿಂಡರಿಗೆ ಗ್ರಾಫೈಟ್, ಉಳಿದ ಭಾಗಕ್ಕೆ ತೆಳು ಎಣ್ಣೆ ಹಾಕಿದರೆ ಉಳಿಸಿಕೊಳ್ಳಬಹುದು.

ಮುಚ್ಚಿದ ಬಾಗಿಲಲ್ಲೇ ಲಾಕ್ ನಿಂತುಹೋದರೆ ಏನು ಮಾಡಬೇಕು? ಬಲ ಹಾಕಬೇಕಾದದ್ದು ಕೀಗಲ್ಲ, ಬಾಗಿಲಿಗೆ. ಒಬ್ಬರು ಬಾಗಿಲನ್ನು ತಮ್ಮತ್ತ ಎಳೆದು, ಆಮೇಲೆ ಒಳಕ್ಕೆ ಒತ್ತಿ, ಹಿಡಿಯಿಂದ ಮೇಲಕ್ಕೆ ಎತ್ತುತ್ತಿರುವಾಗ ಇನ್ನೊಬ್ಬರು ಎರಡೇ ಬೆರಳಲ್ಲಿ ಕೀ ತಿರುಗಿಸಬೇಕು. ನಾಲಿಗೆಯ ಮೇಲಿನ ಒತ್ತಡ ಕಳಚಿದ ಕ್ಷಣದಲ್ಲಿ ಅದು ತಿರುಗಿಬಿಡುತ್ತದೆ. ತಿರುಗದಿದ್ದರೆ ಹಿತ್ತಿಲ ಬಾಗಿಲು, ಕಿಟಕಿಗಳ ದಾರಿ ನೋಡಬೇಕು. ಹೆಂಚು ತೆಗೆದು ಇಳಿಯುವ ಹಳೆಯ ಉಪಾಯವನ್ನು ಮಳೆಗಾಲದಲ್ಲಿ ಯಾರೂ ಮಾಡಬಾರದು. ಪಾಚಿಗಟ್ಟಿದ ಒದ್ದೆ ಹೆಂಚಿನ ಮೇಲಿಂದ ಜಾರಿದರೆ ಹೋಗುವುದು ಬೀಗದ ಬೆಲೆಯಲ್ಲ, ಜೀವ. ಕೊನೆಗೆ ಒಡೆಯಲೇಬೇಕಾದರೆ ಒಡೆಯಬೇಕಾದದ್ದು ಸಿಲಿಂಡರನ್ನು. ಬೀಗದ ಕೆಲಸದವರು ಅದನ್ನು ಡ್ರಿಲ್‌ನಿಂದ ಕೊರೆದು ತೆಗೆಯುತ್ತಾರೆ. ಅದರ ಬೆಲೆ ಒಂದು ಕದದ ಬೆಲೆಯ ಮುಂದೆ ಏನೂ ಅಲ್ಲ.

ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು ಊರಿನ ಮನೆಗೆ ಬೀಗ ಆರಿಸಿ ಕಳುಹಿಸುವ ಮಕ್ಕಳಿಗೆ ಇಲ್ಲಿ ವಿಶೇಷ ವಿನಂತಿ. ಅಪ್ಪ ಅಮ್ಮ ಇಬ್ಬರೇ, ಅಥವಾ ಒಬ್ಬರೇ ಇರುವ ಮನೆಗೆ ಎಷ್ಟು ಸುತ್ತಿನ ಬೀಗ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಒಳಗೆ ಬಿದ್ದವರ ಬಳಿಗೆ ಹೊರಗಿನವರು ಎಷ್ಟು ಬೇಗ ತಲುಪಬಹುದು ಎಂಬುದು. ಎರಡೂ ಬದಿ ಕೀ ತೂತಿರುವ ಸಾಮಾನ್ಯ ಸಿಲಿಂಡರಿನಲ್ಲಿ ಒಳಗಡೆ ಕೀ ಹಾಕಿಯೇ ಬಿಟ್ಟಿದ್ದರೆ ಹೊರಗಿನಿಂದ ಇನ್ನೊಂದು ಕೀ ಕೆಲಸ ಮಾಡುವುದಿಲ್ಲ. ಮಗ ಎರಡನೆಯ ಕೀ ಹಿಡಿದು ಬಾಗಿಲಲ್ಲಿ ನಿಂತರೂ ಪ್ರಯೋಜನವಿಲ್ಲ. ಒಳಬದಿಗೆ ಕೀ ಬದಲು ಕೈಯಿಂದ ತಿರುಗಿಸುವ ಗುಂಡಿ ಇರುವ ಸಿಲಿಂಡರ್ ಹಾಕಿಸಬಹುದು. ಇಲ್ಲವೇ ಒಳಗೆ ಕೀ ಇದ್ದರೂ ಹೊರಗಿನಿಂದ ತೆರೆಯುವ ಡಬಲ್ ಕ್ಲಚ್ ಸಿಲಿಂಡರ್ ಕೇಳಿ ಪಡೆಯಬಹುದು. ಸಂಧಿವಾತದ ಬೆರಳುಗಳಿಗೆ ಗುಂಡಿಯೇ ಸುಲಭ. ರಾತ್ರಿ ಲಾಕಿನ ಮೇಲೆ ಮತ್ತೆ ಮೇಲೊಂದು ಕೆಳಗೊಂದು ಚಿಲಕ ಜಡಿಯುವ ಅಭ್ಯಾಸವಿದ್ದರೆ, ಹೊರಗಿನಿಂದ ತೆರೆಯಬಹುದಾದ ಇನ್ನೊಂದು ಬಾಗಿಲು ಮನೆಯಲ್ಲಿರಲಿ.

ಬೆರಳಚ್ಚಿನ ಡಿಜಿಟಲ್ ಲಾಕ್ ಹಾಕಿಸುವವರೂ ಹೆಚ್ಚುತ್ತಿದ್ದಾರೆ. ಅವು ನಡೆಯುವುದು ಬ್ಯಾಟರಿಯಿಂದ, ಹಾಗಾಗಿ ವಾರಗಟ್ಟಲೆ ಕರೆಂಟಿಲ್ಲದಿದ್ದರೂ ತೊಂದರೆಯಿಲ್ಲ. ಆದರೆ ಬ್ಯಾಟರಿಯನ್ನು ಪ್ರತಿ ಮೇ ತಿಂಗಳಲ್ಲಿ ಬದಲಿಸಬೇಕು. ಹಲವು ಮಾದರಿಗಳಲ್ಲಿ ಬ್ಯಾಟರಿ ಸತ್ತಾಗ ಹೊರಗಿನಿಂದ 9 ವೋಲ್ಟಿನ ಬ್ಯಾಟರಿ ತಾಗಿಸಿ ತೆರೆಯುವ ವ್ಯವಸ್ಥೆಯಿದೆ. ಅದನ್ನು ಮನೆಯವರಿಗೆ ಒಮ್ಮೆ ಮಾಡಿ ತೋರಿಸಿರಬೇಕು. ಅಡಕೆ ಸುಲಿದು, ಸೊಪ್ಪು ಸೌದೆ ಹೊತ್ತು ಸವೆದ ಬೆರಳುಗಳ ಗೆರೆಯನ್ನು ಯಂತ್ರ ಗುರುತಿಸದೆ ಹೋಗಬಹುದು. ಸಂಖ್ಯೆಯ ಗುರುತೂ ಮಾಮೂಲು ಕೀಯೂ ಇರುವ ಮಾದರಿಯನ್ನೇ ಕೊಳ್ಳಬೇಕು. ಮತ್ತು ಇದರ ನಾಲಿಗೆಯೂ ಅದೇ ಮರದ ಅದೇ ತೂತಿಗೆ ಹೋಗಬೇಕಾದ್ದರಿಂದ, ಬಾಗಿಲು ಊದಿದರೆ ಇದರ ಪುಟ್ಟ ಮೋಟಾರು ಮನುಷ್ಯನ ಕೈಗಿಂತ ಮೊದಲೇ ಸೋಲುತ್ತದೆ.

ಬಡಗಿಗಳಲ್ಲೂ ಹಾರ್ಡ್‌ವೇರ್ ಅಂಗಡಿಯವರಲ್ಲೂ ಎರಡು ಮಾತು. ಹೊಸ ಬಾಗಿಲು ಕೂರಿಸುವುದು ಬೇಸಿಗೆಯಲ್ಲಾದರೆ ಸಂದು ಮೂರು ಮಿಲಿಮೀಟರ್‌ಗೆ ಕಡಿಮೆ ಬೇಡ, ನಾಲಿಗೆಯ ತೂತು ಬೇಕಾದದ್ದಕ್ಕಿಂತ ಐದು ಮಿಲಿಮೀಟರ್ ಆಳವಿರಲಿ. ಮಳೆಗಾಲದಲ್ಲಿ ಕೂರಿಸುವುದಾದರೆ ಮರ ಆಗಲೇ ಊದಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ಲಾಕ್ ಕೇಳಿಕೊಂಡು ಬಂದವರನ್ನು ಅಂಗಡಿಯವರು, ಬಾಗಿಲು ತೆರೆದಿಟ್ಟು ತಿರುಗಿಸಿ ನೋಡಿದಿರಾ ಎಂದೊಮ್ಮೆ ಕೇಳಲಿ. ಒಂದು ಲಾಕಿನ ವ್ಯಾಪಾರ ತಪ್ಪಬಹುದು. ಆ ಗಿರಾಕಿ ಗ್ರಾಫೈಟಿಗೆ, ತಿರುಗಣೆಗೆ, ಮೂರಿಂಚಿನ ಸ್ಕ್ರೂಗೆ ನಿಮ್ಮಲ್ಲಿಗೇ ಬರುತ್ತಾರೆ.

ಮಳೆಗಾಲಕ್ಕೆ ಮುನ್ನ ನಿಮ್ಮ ಮನೆಗಳಲ್ಲಿ ಕೆಲಸಗಳ ಪಟ್ಟಿ ಚಿಕ್ಕದಲ್ಲ. ಸೌದೆ ಒಟ್ಟಬೇಕು, ಹೆಂಚು ಕೈಯಾಡಿಸಬೇಕು, ತೋಟದ ಬಸಿಗಾಲುವೆ ತೋಡಬೇಕು, ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು. ಆ ಪಟ್ಟಿಯಲ್ಲಿ ಮುಂಬಾಗಿಲಿಗೆ ಅರ್ಧ ದಿನ ಸೇರಲಿ: ತಿರುಗಣೆಯ ಸ್ಕ್ರೂ, ಅಂಚಿನ ವಾರ್ನಿಶ್, ತೂತಿನ ಆಳ, ಸಿಲಿಂಡರಿಗೆ ಗ್ರಾಫೈಟ್. ಮತ್ತು ಎರಡನೆಯ ಕೀ ಯಾರ ಬಳಿ ಇರಬೇಕೆಂದು ತೀರ್ಮಾನವಾಗಲಿ. ಒಂಟಿ ಮನೆಗಳ ಈ ಸೀಮೆಯಲ್ಲಿ ಹತ್ತಿರದ ಮನೆಯೂ ತೋಟದಾಚೆಯೇ ಇರುತ್ತದೆ. ಆ ಮನೆಯಲ್ಲೊಂದು ಕೀ ಇರಲಿ. ಅದು ಯಾರ ಮನೆ ಎಂಬುದು ದೂರದಲ್ಲಿರುವ ಮಕ್ಕಳಿಗೆ ತಿಳಿದಿರಲಿ, ಆ ನೆರೆಯವರ ನಂಬರ್ ಮಕ್ಕಳ ಫೋನಿನಲ್ಲಿರಲಿ. ಕರೆಗೆ ಓಗೊಡದ ಹಿರಿಯರ ಬಾಗಿಲು ಒಳಗಿನಿಂದ ಹಾಕಿದ್ದು, ಯಾವ ಕೀಯೂ ತಿರುಗದಿದ್ದಲ್ಲಿ 112ಕ್ಕೆ ಕರೆ ಮಾಡಲು ತಡಮಾಡಬೇಡಿ. ಹಾಗೆ ಕರೆ ಮಾಡುವಾಗ ಹೇಳಲು ಅನುಕೂಲವಾಗುವಂತೆ ಮನೆಗೆ ಬರುವ ದಾರಿಯ ಗುರುತುಗಳನ್ನು, ಹಿತ್ತಿಲ ಬಾಗಿಲು ಯಾವ ಕಡೆಗಿದೆ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಆ ಕೀಯ ಜತೆಗೇ ಕೊಟ್ಟಿಡಿ.


ನಿಮ್ಮ ಹಿತೈಷಿ